ಕಾವಲು ದೇವರು ಮೊರಿತಾ

ಇವತ್ತು ಬೆಳಿಗ್ಗೆ ಬೀರುವಿನಿಂದ, ಎಷ್ಟೋ ವರ್ಷದಿಂದ ಮುಟ್ಟದಿದ್ದ ತೆಳುವಾದ ಜಾಕೆಟ್ ಒಂದನ್ನು ಹೊರಗೆಳೆದೆ. ನಗೋಯಾದ ಏಪ್ರಿಲ್ ತಿಂಗಳಿಗೆ ಇಂಥದೇ ಬೇಕು. ಹಾಕಿಕೊಂಡರೆ ಸೆಕೆ, ಬಿಚ್ಚಿದರೆ ಚಳಿ. ಜೇಬಿಗೆ ಕೈ ಹಾಕಿದಾಗ ಮೆತ್ತಗೆ, ಅಂಟಂಟಾಗಿ ಏನೋ ತಗುಲಿತು. ಹಲ್ಲಿ ಎಂದುಕೊಂಡು ಕಿರುಚಿ ಕೈ ಕೊಡವಿದೆ. ನೆಲಕ್ಕೆ ಬಿದ್ದದ್ದು ಉದ್ದನೆಯ ಹಳದಿ ಬಲೂನು. ಬಾಡಿದ ಅವರೆ ಸಿಪ್ಪೆಯ ಹಾಗೆ ಮುದುಡಿಕೊಂಡಿತ್ತು. ಎತ್ತಿಕೊಂಡು ಮೂಸಿದೆ. ನೀವು ನಗಬಹುದು. ಆದರೆ ಮನೆಯಲ್ಲಿ ಒಬ್ಬರೇ ಇದ್ದಾಗ ನೀವು ಏನೇನು ಮೂಸಿ ನೋಡಿದ್ದೀರಿ ಎಂದು ಒಮ್ಮೆ ನೆನೆಸಿಕೊಂಡು ಆಮೇಲೆ ನಗಿ. ರಬ್ಬರಿನ ವಾಸನೆ. ಅದರ ಬೆನ್ನಿಗೇ ಕಬ್ಬಿಣದ ಹಂಚಿನ ಮೇಲೆ ಹುರಿಯುವ ನೂಡಲ್ಸಿನ ಸಾಸು, ನೀರು ಚಿಮುಕಿಸಿದ ಮೈದಾನದ ಮಣ್ಣು, ಕೊನೆಗೆ, ಗೆದ್ದೇ ಬಿಟ್ಟಿದ್ದ ಪಂದ್ಯವನ್ನು ತಟ್ಟೆಯಲ್ಲಿಟ್ಟು ಎದುರಾಳಿಗೆ ಒಪ್ಪಿಸಿ ಬರುವ ಆ ಕಹಿ. ಈ ಕಹಿಗೂ ಒಂದು ವಾಸನೆಯಿದೆ ಎಂದರೆ ನಂಬುತ್ತೀರೋ ಇಲ್ಲವೋ, ವಾದಕ್ಕೆ ನಾನು ಸಿದ್ಧ.

ವಾದಕ್ಕೆ ನಾನು ಯಾವಾಗಲೂ ಸಿದ್ಧಳೇ. ಮೈಸೂರಿನಲ್ಲಿ ಓದುವಾಗ ಚರ್ಚಾಸ್ಪರ್ಧೆ ಎಂದರೆ ಊಟ ಬಿಟ್ಟು ಓಡುತ್ತಿದ್ದೆ. ಪರವೋ ವಿರೋಧವೋ ಚೀಟಿ ಎತ್ತಿದ ಮೇಲಷ್ಟೇ ಗೊತ್ತಾಗುತ್ತಿತ್ತು. ಅದರಿಂದ ನನಗೇನೂ ತೊಂದರೆಯಿರಲಿಲ್ಲ. ಎದುರಿನವರ ಮಾತಿನಲ್ಲಿ ಬಿರುಕು ಎಲ್ಲಿದೆಯೋ ಅಲ್ಲಿಗೆ ಬೆರಳು ತೂರಿಸಿ ಅಗಲ ಮಾಡುವುದಷ್ಟೇ ಕೆಲಸ. ಗೆದ್ದ ಕಪ್ಪುಗಳಲ್ಲಿ ಅಮ್ಮ ಈಗ ಚಮಚ ಇಡುತ್ತಾಳೆ. ಈ ಬೆರಳನ್ನು ಹೊತ್ತುಕೊಂಡು ಜಪಾನಿಗೆ ಬಂದರೆ, ತೂರಿಸಲು ಬಿರುಕೇ ಇಲ್ಲ! ನಾನು ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಗುಂಪಿನಲ್ಲಿದ್ದೆ. ಅಲ್ಲಿ ಸಭೆಗಳೆಂದರೆ ತಲೆಯಾಡಿಸುವ ಕೂಟಗಳು. ಒಬ್ಬರು ಮಾತಾಡುತ್ತಾರೆ, ಉಳಿದವರು ಹೌದಲ್ಲ ಹೌದಲ್ಲ ಎನ್ನುತ್ತಾರೆ, ಎಲ್ಲರೂ ಎದ್ದು ಹೋಗುತ್ತಾರೆ. ಒಂದು ವರ್ಷ ಯಾರೊಂದಿಗೂ ಜಗಳವಾಡದೆ ಕಳೆದು ನನ್ನ ನಾಲಿಗೆಗೆ ತುಕ್ಕು ಹಿಡಿದಿತ್ತು.

ಆಗ ನನ್ನನ್ನು ಬೇಸ್‌ಬಾಲಿಗೆ ಕರೆದುಕೊಂಡು ಹೋದವರು ಹತ್ತೋರಿ-ಸಾನ್. ಸಾನ್ ಎಂದರೆ ನಮ್ಮ ‘ಅವರು’ ಇದ್ದ ಹಾಗೆ, ಮರ್ಯಾದೆಗೆ. ನಮ್ಮ ಗುಂಪಿನ ಹಿರಿಯರು, ನಿವೃತ್ತಿಗೆ ಹತ್ತಿರವಿದ್ದವರು. ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ಪ್ರಿಂಟರಿಗೇ ಸುಮಿಮಾಸೆನ್ ಎಂದು ಕ್ಷಮೆ ಕೇಳುವ ಮನುಷ್ಯ. ಅವರ ಮನೆ ಇದ್ದದ್ದು ನಗೋಯಾದಿಂದ ಸ್ವಲ್ಪ ದೂರದ ಒಂದು ಸಣ್ಣ ಊರಿನಲ್ಲಿ. ಆ ಊರಿಗೊಂದು ಸಣ್ಣ ತಂಡ. ಟೀವಿಯಲ್ಲಿ ಬರುವ ದೊಡ್ಡ ತಂಡಗಳ ಪೈಕಿ ಅಲ್ಲ. ಆಟಗಾರರು ವಾರವಿಡೀ ಬೇರೆ ಕೆಲಸ ಮಾಡಿ ರಜಾದಿನಗಳಲ್ಲಿ ಆಡುವ ತಂಡ. ನದಿಯ ಏರಿಯ ಪಕ್ಕ ಅವರ ಮೈದಾನ. ಅಭಿಮಾನಿ ಬಳಗಕ್ಕೆ ಹತ್ತೋರಿ-ಸಾನ್ ಮುಖ್ಯಸ್ಥರು. ಟ್ರಂಪೆಟ್ ಊದುತ್ತಿದ್ದವರೂ ಅವರೇ. ಆಫೀಸಿನಲ್ಲಿ ಫೋನ್ ಎತ್ತಿದರೆ ಪಕ್ಕದವರಿಗೂ ಕೇಳಿಸದ ದನಿಯವರು ಟ್ರಂಪೆಟ್ ಊದುತ್ತಾರೆ ಎಂದಾಗಲೇ ನನಗೆ ಅನುಮಾನ ಬರಬೇಕಿತ್ತು.

ನನ್ನ ಜೊತೆಗೆ ಗೀತಕ್ಕನೂ ಬಂದಳು. ನಮ್ಮ ಕಟ್ಟಡದಲ್ಲೇ ಮೇಲಿನ ಮನೆ, ರಾಜಾಜಿನಗರದವಳು. ಗಂಡ ಭಾನುವಾರವೂ ಲ್ಯಾಪ್‌ಟಾಪ್ ಮುಂದೆ ಕೂರುವವರಾದ್ದರಿಂದ ಎಲ್ಲಿಗೆ ಕರೆದರೂ ಚಿತ್ರಾನ್ನದ ಡಬ್ಬಿ ಹಿಡಿದು ಹೊರಟುಬಿಡುತ್ತಿದ್ದಳು. ಮೊದಲ ದಿನವೇ ಅವಳು ಕೇಳಿದ ಪ್ರಶ್ನೆಯನ್ನು ನಿಮಗೂ ಹೇಳಬೇಕು, ಯಾಕೆಂದರೆ ನಿಮ್ಮ ಮನಸ್ಸಿನಲ್ಲೂ ಅದೇ ಇರಬಹುದು.

"ಅಲ್ಲ ಕಣೇ, ಒಬ್ಬನೇ ಬೌಲರ್ ಪೂರ್ತಿ ಹಾಕ್ತಾನೇನೇ? ಕೈ ಬಿದ್ದು ಹೋಗಲ್ವಾ?"

ಬಿದ್ದೇ ಹೋಗುತ್ತದೆ. ಅದಕ್ಕೇ ಈ ವ್ಯವಸ್ಥೆ. ಒಂಬತ್ತು ಇನಿಂಗ್ಸಿನ ಆಟ. ಒಂದೊಂದರಲ್ಲೂ ಎರಡು ತಂಡಗಳಿಗೂ ಬ್ಯಾಟಿಂಗು, ಮೂವರು ಔಟಾದರೆ ಸರದಿ ಮುಗಿಯಿತು. ಮೊದಲು ಎಸೆಯುವವನು ಐದೋ ಆರೋ ಇನಿಂಗ್ಸಿಗೆ ಸುಸ್ತಾಗುತ್ತಾನೆ. ಅವನ ಜಾಗಕ್ಕೆ ಬರಲು ಮೈದಾನದ ಅಂಚಿನಲ್ಲಿ ಒಂದಷ್ಟು ಜನ ಕೈ ಬೆಚ್ಚಗೆ ಮಾಡಿಕೊಂಡು ಕಾದಿರುತ್ತಾರೆ. ಆ ಜಾಗಕ್ಕೂ ಅಲ್ಲಿರುವವರಿಗೂ ಸೇರಿಸಿ ಬುಲ್‌ಪೆನ್ ಎನ್ನುತ್ತಾರೆ, ಅಂದರೆ ಗೂಳಿಗಳ ದೊಡ್ಡಿ. ನಮ್ಮ ತಂಡದಲ್ಲಿ ದೊಡ್ಡಿ ಇತ್ತು. ಗೂಳಿಗಳನ್ನು ಮಾತ್ರ ನಾನು ಕಾಣಲಿಲ್ಲ. ಆಕಳಿಸುತ್ತ, ಸೂರ್ಯಕಾಂತಿ ಬೀಜ ಮೆಲ್ಲುತ್ತ ಕೂತಿದ್ದ ನಾಲ್ಕಾರು ಸಾಧು ಪ್ರಾಣಿಗಳು. ಎದುರಿನ ಬ್ಯಾಟ್ಸ್‌ಮನ್‌ಗೆ ನೋವಾಗಬಾರದು ಎಂಬ ಎಚ್ಚರದಿಂದ ಚೆಂಡು ಬಿಡುತ್ತಿದ್ದ ಮಹಾತ್ಮರು.

ಇಲ್ಲಿಯವರ ಅಭಿಮಾನಕ್ಕೆ ಒಂದು ಶಿಸ್ತಿದೆ. ನಮ್ಮವರು ಬ್ಯಾಟ್ ಹಿಡಿದಾಗ ಒಬ್ಬೊಬ್ಬ ಆಟಗಾರನಿಗೂ ಅವನದೇ ಹಾಡು, ಟ್ರಂಪೆಟ್, ಡೋಲು, ಕುಣಿತ. ನಮ್ಮವರು ಎಸೆಯುವ ಸರದಿ ಬಂದ ಕೂಡಲೇ ಎಲ್ಲರೂ ಕೂತು ಬಾಯಿ ಮುಚ್ಚಿಕೊಳ್ಳಬೇಕು. ಹಾಡುವ ಹಕ್ಕು ಆಗ ಎದುರು ಗುಂಪಿನದು. ಇದರ ಪರಿಣಾಮ ಏನೆಂದು ಯೋಚಿಸಿ. ನಮ್ಮ ಬುಲ್‌ಪೆನ್ ಪಂದ್ಯವನ್ನು ಹಾಳುಮಾಡುವುದನ್ನು ನಾವು ಸಂಪೂರ್ಣ ಮೌನದಲ್ಲಿ, ಮಂಡಿಯ ಮೇಲೆ ಕೈಯಿಟ್ಟುಕೊಂಡು, ಎದುರಾಳಿಯ ಹಾಡಿನ ಹಿನ್ನೆಲೆಯಲ್ಲಿ ನೋಡಬೇಕು. ಏಳನೆಯ ಇನಿಂಗ್ಸಿನಲ್ಲಿ ಎಲ್ಲರೂ ಹಳದಿ ಬಲೂನು ಊದಿ ಒಟ್ಟಿಗೆ ಮೇಲಕ್ಕೆ ಬಿಡುತ್ತಾರೆ. ಅದೃಷ್ಟ ಬರಲಿ ಎಂದು. ಬಲೂನುಗಳು ಪುಸ್ಸೆಂದು ಸುತ್ತಿ ಸುಳಿದು ನಮ್ಮ ತಲೆಯ ಮೇಲೆಯೇ ಬೀಳುತ್ತವೆ. ಮುಂದಿನ ಎರಡು ಇನಿಂಗ್ಸಿನಲ್ಲಿ ಏನಾಗಲಿದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು, ಆದರೆ ಜನ ಅರ್ಥಮಾಡಿಕೊಳ್ಳದೆ ಮುಂದಿನ ವಾರ ಮತ್ತೆ ಊದುತ್ತಾರೆ.

ಆ ಏಪ್ರಿಲ್ಲಿನಲ್ಲಿ ಪ್ರತಿ ಭಾನುವಾರವೂ ಹೀಗೇ. ಏಳರವರೆಗೆ ನಾವು ಮುಂದೆ, ಎಂಟರಲ್ಲಿ ಎದೆ ಡವಡವ, ಒಂಬತ್ತರಲ್ಲಿ ಮೊರಿತಾ.

ಮೊರಿತಾ ಎಂದರೆ ಕೊನೆಯ ಇನಿಂಗ್ಸಿಗಾಗಿಯೇ ಇಟ್ಟುಕೊಂಡಿದ್ದ ಪಿಚರ್. ಆ ಊರಿನವನೇ. ಆ ಜಾಗದಲ್ಲಿ ಎಸೆಯುವವನನ್ನು ಇಲ್ಲಿ ಕಾವಲು ದೇವರು ಎಂದು ಕರೆಯುವ ವಾಡಿಕೆ. ದೇವರ ವಿಷಯದಲ್ಲಿ ನಾನು ಮೊದಲೇ ಸಂಶಯದವಳು. ಈ ದೇವರನ್ನು ನೋಡಿದ ಮೇಲೆ ಪೂರ್ತಿ ನಿಶ್ಚಿಂತಳಾದೆ. ಎತ್ತರದ ಆಳು, ಅಗಲ ಭುಜ, ದೊಡ್ಡಿಯಿಂದ ಓಡಿ ಬರುವಾಗ ಭೂಮಿ ನಡುಗಬೇಕು ಎನ್ನಿಸುವಂಥ ನಡಿಗೆ. ಬಂದು ನಿಂತು ಎಸೆದನೆಂದರೆ ಒಂದು ಚೆಂಡು ಆಕಾಶಕ್ಕೆ, ಒಂದು ಪಾತಾಳಕ್ಕೆ. ಕ್ರಿಕೆಟ್ಟಿನ ವೈಡ್ ಇದ್ದ ಹಾಗೆ ಇಲ್ಲೂ ಹೊರಗೆ ಹೋದ ಚೆಂಡಿಗೆ ಲೆಕ್ಕವಿದೆ. ನಾಲ್ಕು ಸಲ ಹೊರಗೆ ಎಸೆದರೆ ಬ್ಯಾಟ್ಸ್‌ಮನ್ ಬ್ಯಾಟು ಬಿಸಾಡಿ ಪುಕ್ಕಟೆಯಾಗಿ ಮೊದಲ ಬೇಸಿಗೆ ನಡೆದುಹೋಗಬಹುದು. ಇಂಥ ಮೂರು ಬೇಸು ದಾಟಿ ಹೊರಟ ಮನೆಗೇ ಮರಳಿದರೆ ಒಂದು ರನ್. ಮೊರಿತಾನ ಕಾಲದಲ್ಲಿ ಎದುರಾಳಿಗಳು ವಾಯುವಿಹಾರಕ್ಕೆ ಬಂದವರಂತೆ ನಡೆಯುತ್ತಿದ್ದರು.

"ಇವನನ್ನ ಮದುವೆ ಮನೇಲಿ ಬಡಿಸೋಕೆ ನಿಲ್ಲಿಸಬೇಕು ಕಣೇ," ಎಂದಳು ಗೀತಕ್ಕ. "ಕೇಳ್ದೋರಿಗೂ ಹಾಕ್ತಾನೆ, ಬೇಡ ಅಂದೋರಿಗೂ ಹಾಕ್ತಾನೆ."

ನನ್ನ ಸಿಟ್ಟು ಹೆಚ್ಚಾದದ್ದು ಇನ್ನೊಂದು ಕಾರಣಕ್ಕೆ. ಈ ಮೊರಿತಾ ವಾರದ ದಿನಗಳಲ್ಲಿ ಸ್ಟೇಷನ್ ಪಕ್ಕದ ದೊಡ್ಡ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಿದ್ದ. ಮೊಳೆ, ಬಣ್ಣ, ಗೊಬ್ಬರ, ಗಿಡ, ಎಲ್ಲ ಸಿಗುವ ಅಂಗಡಿ. ಬಾಲ್ಕನಿಯ ಕೊತ್ತಂಬರಿಗೆ ಮಣ್ಣು ಬೇಕೆಂದು ಒಮ್ಮೆ ನಾನೂ ಗೀತಕ್ಕನೂ ವಾರದ ನಡುವೆ ಒಂದು ಸಂಜೆ ಅಲ್ಲಿಗೆ ಹೋಗಿದ್ದೆವು. ಮೊರಿತಾ ಏಪ್ರನ್ ಕಟ್ಟಿಕೊಂಡು ನಿಂತಿದ್ದ. ಮಣ್ಣಿನ ಚೀಲವೊಂದನ್ನು ರಾಶಿಯ ಮೇಲಿಂದ ಎತ್ತಿ, ಅಷ್ಟು ದೂರದಿಂದ, ನೋಡಿಯೂ ನೋಡದ ಹಾಗೆ ನಮ್ಮ ಗಾಡಿಗೆ ಎಸೆದ. ಸರಿಯಾಗಿ ನಡುವೆ ಕೂತಿತು, ಒಂದು ಹರಳೂ ಚೆಲ್ಲದೆ. ನನಗೆ ಕಣ್ಣು ಕತ್ತಲಿಟ್ಟಿತು. ಮಣ್ಣಿನ ಚೀಲವನ್ನು ನಡುವೆ ಎಸೆಯಬಲ್ಲವನು ಚೆಂಡನ್ನು ಯಾಕೆ ಎಸೆಯಲಾರ? ಇದು ಅಸಾಮರ್ಥ್ಯವಲ್ಲ, ಅಳುಕು. ಅಸಾಮರ್ಥ್ಯವನ್ನು ಕ್ಷಮಿಸಬಹುದು, ಅಳುಕಿಗೆ ನಾನೇಕೆ ಟಿಕೆಟ್ ತೆಗೆದುಕೊಳ್ಳಲಿ?

ಹೀಗೆ ಕುದಿಯುತ್ತಿದ್ದವಳು ನಾನೊಬ್ಬಳೇ ಅಲ್ಲ. ಪಂದ್ಯ ಮುಗಿಸಿ ನಗೋಯಾಕ್ಕೆ ಮರಳುವ ರೈಲಿನಲ್ಲಿ ಹಳದಿ ಟವೆಲ್ ಹೊದ್ದ ಜನ ನಿಟ್ಟುಸಿರು ಬಿಡುತ್ತಿದ್ದರು. ಆ ನಿಟ್ಟುಸಿರಿಗೆ ಗಾಡಿಯ ಕಿಟಕಿ ಮಬ್ಬಾಗುತ್ತಿತ್ತು. ಆದರೆ ಬಾಯಿ ಬಿಟ್ಟು ಏನೆನ್ನುತ್ತಿದ್ದರು ಗೊತ್ತೇ? "ಇನ್ನೂ ಏಪ್ರಿಲ್ ತಾನೇ." ಸೀಸನ್ ಈಗಷ್ಟೇ ಶುರುವಾಗಿದೆ, ಮೇ ಹೊತ್ತಿಗೆ ಸರಿಹೋಗುತ್ತದೆ ಎಂಬ ಸಮಾಧಾನ. ಈ ವಾದದ ಮೂರ್ಖತನವನ್ನು ನಾನು ರೈಲಿನಲ್ಲೇ ಹತ್ತೋರಿ-ಸಾನ್‌ಗೆ ವಿವರಿಸಿದ್ದೆ. ಏಪ್ರಿಲ್ಲಿನಲ್ಲಿ ಸೋತ ಪಂದ್ಯಕ್ಕೂ ಸೆಪ್ಟೆಂಬರಿನಲ್ಲಿ ಸೋತ ಪಂದ್ಯಕ್ಕೂ ಪಟ್ಟಿಯಲ್ಲಿ ಒಂದೇ ಬೆಲೆ ಅಲ್ಲವೇ? ಹತ್ತೋರಿ-ಸಾನ್ ಗಂಭೀರವಾಗಿ ತಲೆಯಾಡಿಸಿ, "ಹೌದಲ್ಲ," ಎಂದಿದ್ದರು.

ಈಗ ಬ್ಯಾನರಿನ ವಿಷಯಕ್ಕೆ ಬರಬೇಕು. ಅಭಿಮಾನಿಗಳು ಕೂರುವ ಕಡೆಯ ಕಂಬಿಗೆ ಆಟಗಾರರ ಹೆಸರಿನ ಬಟ್ಟೆಯ ಬ್ಯಾನರುಗಳನ್ನು ಮೈದಾನಕ್ಕೆ ಕಾಣುವಂತೆ ಕಟ್ಟುವುದು ಇಲ್ಲಿನ ಪದ್ಧತಿ. "ಕಾವಲು ದೇವರು ಮೊರಿತಾ" ಎಂಬುದು ಅವುಗಳಲ್ಲೆಲ್ಲ ದೊಡ್ಡದು. ಹಳದಿ ಬಟ್ಟೆಯ ಮೇಲೆ ಕಪ್ಪು ಬಟ್ಟೆಯ ಅಕ್ಷರಗಳನ್ನು ಕತ್ತರಿಸಿ ಹೊಲಿದವರು ಹತ್ತೋರಿ-ಸಾನ್ ಅವರ ಹೆಂಡತಿ ಮಿಚಿಕೊ-ಸಾನ್. ಅಭಿಮಾನಿಗಳಿಗೆ ತೀರಾ ಕೋಪ ಬಂದರೆ ಕಲ್ಲು ಎಸೆಯುವುದಿಲ್ಲ, ಕುರ್ಚಿ ಮುರಿಯುವುದಿಲ್ಲ. ಬ್ಯಾನರನ್ನು ತಲೆಕೆಳಗಾಗಿ ಕಟ್ಟುತ್ತಾರೆ. ಅಷ್ಟೇ. ಆದರೆ ಅದರ ಅರ್ಥ ಎಲ್ಲರಿಗೂ ಗೊತ್ತು: ನಿನ್ನನ್ನು ನಾವು ಕೈಬಿಟ್ಟಿದ್ದೇವೆ. ಮೇ ತಿಂಗಳು ಶುರುವಾಗುವ ಮುಂಚೆ ತಂಡ ಒಬ್ಬಿಬ್ಬರನ್ನು ಮನೆಗೆ ಕಳಿಸುವುದಿತ್ತು. ಊರಿನ ಬಳಗವೇ ಮೊರಿತಾನ ಹೆಸರನ್ನು ತಲೆಕೆಳಗೆ ಮಾಡಿದರೆ ಆ ಒಬ್ಬ ಯಾರೆಂದು ತಂಡಕ್ಕೆ ಯೋಚಿಸುವ ಕಷ್ಟವೂ ಇರುವುದಿಲ್ಲ.

ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೇ ನಾನು, ತಲೆಕೆಳಗೆ ಕಟ್ಟಬೇಕು ಎಂದೆ. ಒಬ್ಬನ ಆಟ ಅವನ ಆಟದಿಂದಲೇ ನಿರ್ಧಾರವಾಗಬೇಕು. ಊರಿನವನು, ಒಳ್ಳೆಯವನು, ಎತ್ತರದವನು ಎಂಬುದೆಲ್ಲ ವಾದವಲ್ಲ. ಈಗಲೂ ಹಾಗೆಂದೇ ಹೇಳುತ್ತೇನೆ.

ಬಳಗದ ಸಭೆ ಒಂದು ಶನಿವಾರ ಬೆಳಿಗ್ಗೆ, ಊರಿನ ಕಾಫಿ ಅಂಗಡಿಯಲ್ಲಿ. ನಗೋಯಾದ ಸುತ್ತಮುತ್ತ ಬೆಳಿಗ್ಗೆ ಒಂದು ಕಾಫಿ ಹೇಳಿದರೆ ಜೊತೆಗೆ ದಪ್ಪ ಟೋಸ್ಟು, ಬೇಯಿಸಿದ ಮೊಟ್ಟೆ ತಾವಾಗಿಯೇ ಬರುತ್ತವೆ. ಎಲ್ಲರೂ ಮೊಟ್ಟೆ ಸುಲಿಯುತ್ತ ಕೂತಿದ್ದಾಗ ಹತ್ತೋರಿ-ಸಾನ್, "ಬ್ಯಾನರಿನ ಬಗ್ಗೆ ಯಾರಾದರೂ ಏನಾದರೂ ಹೇಳುವುದಿದ್ದರೆ," ಎಂದು ನನ್ನ ಕಡೆ ನೋಡಿದರು. ನಾನು ಎದ್ದು ನಿಂತೆ. ಟೋಸ್ಟಿನ ಮುಂದೆ ಎದ್ದು ನಿಂತು ಭಾಷಣ ಮಾಡಿದ ಮೊದಲ ವ್ಯಕ್ತಿ ಆ ಅಂಗಡಿಯಲ್ಲಿ ನಾನೇ ಇರಬೇಕು.

ವಾರವಿಡೀ ಕನ್ನಡಿಯ ಮುಂದೆ ತಯಾರಿ ಮಾಡಿದ್ದ ಜಪಾನಿ ಭಾಷಣ. ಬ್ಯಾನರ್ ಎಂದರೆ ಅಲಂಕಾರವಲ್ಲ, ಒಂದು ಹೇಳಿಕೆ ಎಂದೆ. ಹೇಳಿಕೆಗೆ ಸಾಕ್ಷಿ ಬೇಕು ಎಂದೆ. ನೀವು ಇವನನ್ನು ಕಾವಲು ದೇವರು ಎಂದು ಬರೆದು ತೂಗುಹಾಕಿದ್ದೀರಿ. ಈ ದೇವರು ಕಾವಲಿಗೆ ನಿಂತ ಮೇಲೆಯೇ ಕಳ್ಳತನ ಆಗುತ್ತಿರುವುದು. ಇವನು ಬಾಗಿಲು ಹಾಕುವವನಲ್ಲ, ಕಿಟಕಿಯನ್ನೂ ತೆಗೆದು ದೀಪ ಹಚ್ಚಿ ಬನ್ನಿ ಎನ್ನುವವನು. ನಿಮ್ಮ ತಾಳ್ಮೆ ಅವನಿಗೆ ಔಷಧಿಯಲ್ಲ, ಕಾಯಿಲೆಯ ಮೂಲವೇ ಅದು. ಕೊನೆಯಲ್ಲಿ ದನಿ ತಗ್ಗಿಸಿ, ಮೈಸೂರಿನ ತೀರ್ಪುಗಾರರನ್ನು ಎಷ್ಟೋ ಸಲ ಮಣಿಸಿದ್ದ ಆ ಒಂದು ನಿಲುಗಡೆ ಕೊಟ್ಟು, "ಪ್ರೀತಿಯಿದ್ದರೆ ಸತ್ಯ ಹೇಳಿ," ಎಂದು ಕೂತೆ.

ಹೌದಲ್ಲ, ಎಂದರು ಒಬ್ಬರು. ಹೌದಲ್ಲ ಹೌದಲ್ಲ, ಎಂದರು ಉಳಿದವರು. ಡೋಲು ಬಾರಿಸುವ ಮುದುಕರು ತಮ್ಮ ಮೊಟ್ಟೆಯನ್ನು ನನ್ನ ತಟ್ಟೆಗೆ ಹಾಕಿದರು. ಮಿಚಿಕೊ-ಸಾನ್ ತಲೆಬಾಗಿ, "ಎಷ್ಟು ಚೆನ್ನಾಗಿ ಯೋಚಿಸಿದ್ದೀರಿ," ಎಂದರು. ಒಬ್ಬರೂ ವಿರೋಧಿಸಲಿಲ್ಲ. ಒಬ್ಬರೂ! ಇಂಥ ಗೆಲುವನ್ನು ನಾನು ಮೈಸೂರಿನಲ್ಲೂ ಕಂಡಿರಲಿಲ್ಲ. ಮನೆಗೆ ಬಂದವಳು ನೇರವಾಗಿ ಗೀತಕ್ಕನ ಬಾಗಿಲು ಬಡಿದೆ.

"ಗೆದ್ದೆ ಗೀತಕ್ಕ! ಎಲ್ಲಾರೂ ಒಪ್ಕೊಂಡ್ರು. ನಾಳೆ ಬ್ಯಾನರ್ ಉಲ್ಟಾ."

"ಒಪ್ಕೊಂಡ್ರಾ? ಹಂಗಂತ ಬಾಯ್ಬಿಟ್ಟು ಹೇಳಿದ್ರಾ?"

"ಹೌದು ಹೌದು ಅಂತ ತಲೆ ಅಲ್ಲಾಡ್ಸಿದ್ರು."

ಗೀತಕ್ಕ ಸೌಟು ಹಿಡಿದೇ ನಕ್ಕಳು. "ನಮ್ಮನೇವ್ರು ಹದಿನೈದು ವರ್ಷದಿಂದ ನಾನು ಹೇಳಿದ್ದಕ್ಕೆಲ್ಲ ತಲೆ ಅಲ್ಲಾಡ್ಸ್ತಿದಾರೆ. ಇವತ್ತಿಗೂ ಆ ಟ್ಯೂಬ್‌ಲೈಟ್ ಬದಲಾಗಿಲ್ಲ, ನೋಡು."

ನನಗೆ ರೇಗಿತು. ಗೃಹಿಣಿಯರಿಗೆ ತರ್ಕ ತಿಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಜೋರಾಗಿ ಅನ್ನಲಿಲ್ಲ, ಅವಳ ಮನೆಯಲ್ಲಿ ಅವತ್ತು ಬಿಸಿಬೇಳೆಬಾತ್ ಇತ್ತು.

ಮರುದಿನ ಮೈದಾನಕ್ಕೆ ಹೋದರೆ ಕಂಬಿಯ ಮೇಲೆ ಕಾವಲು ದೇವರು ಮೊರಿತಾ ನೆಟ್ಟಗೆ ನಿಂತಿದ್ದಾನೆ. ತಲೆ ಮೇಲೆ, ಕಾಲು ಕೆಳಗೆ. ಇಸ್ತ್ರಿ ಬೇರೆ ಮಾಡಿದ್ದಾರೆ! ಹತ್ತೋರಿ-ಸಾನ್ ಮೂಲೆಯ ಗಂಟನ್ನು ಬಿಗಿ ಮಾಡುತ್ತಿದ್ದರು.

"ಹತ್ತೋರಿ-ಸಾನ್, ನಿನ್ನೆ ತೀರ್ಮಾನ ಆಗಿತ್ತಲ್ಲ?"

"ಆಗಿತ್ತು," ಎಂದರು ಅವರು, ಹಗ್ಗದಿಂದ ಕಣ್ಣು ತೆಗೆಯದೆ. "ಬುಧವಾರವೇ ಆಗಿತ್ತು."

ವಿಷಯ ಇಷ್ಟು. ಸಭೆಗೆ ಮುಂಚೆ ಅವರು ಒಬ್ಬೊಬ್ಬರನ್ನೂ ಕಂಡು ಮಾತಾಡಿದ್ದರು. ಡೋಲಿನ ಮುದುಕರ ಜೊತೆ ನಾಯಿ ತಿರುಗಾಡಿಸುತ್ತ, ಇನ್ನೊಬ್ಬರ ಜೊತೆ ಕ್ಷೌರದಂಗಡಿಯಲ್ಲಿ, ಮತ್ತೊಬ್ಬರ ಜೊತೆ ಫೋನಿನಲ್ಲಿ. ಬ್ಯಾನರ್ ಹೇಗಿದೆಯೋ ಹಾಗೇ ಇರಲಿ ಎಂದು ಎಲ್ಲರೂ ಒಪ್ಪಿದ ಮೇಲೆ ಸಭೆ ಕರೆದಿದ್ದರು. ಇಲ್ಲಿ ಸಭೆ ಸೇರುವುದು ತೀರ್ಮಾನ ಮಾಡಲಿಕ್ಕಲ್ಲ, ಆಗಿರುವ ತೀರ್ಮಾನದ ಜೊತೆ ಕಾಫಿ ಕುಡಿಯಲಿಕ್ಕೆ. ಆಫೀಸಿನಲ್ಲಿ ಇದನ್ನು ದಿನವೂ ನೋಡಿ ಹಲ್ಲು ಕಡಿಯುತ್ತಿದ್ದವಳು ನಾನು. ಬೇಸ್‌ಬಾಲಿನಂಥ ಬಾಯಿಬಡುಕರ ವಿಷಯದಲ್ಲೂ ಇವರು ಹೀಗೇ ಮಾಡುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ.

"ಮತ್ತೆ ನನಗೆ ಯಾಕೆ ಮಾತಾಡಲು ಬಿಟ್ಟಿರಿ?"

"ನೀವು ವಾರವಿಡೀ ತಯಾರಿ ಮಾಡಿದ್ದಿರಿ. ನಡುವೆ ತಡೆದರೆ ತಪ್ಪಾಗುತ್ತಿತ್ತು." ಅವರು ಗಂಟು ಮುಗಿಸಿ, "ಭಾಷಣ ನಿಜವಾಗಿಯೂ ಚೆನ್ನಾಗಿತ್ತು," ಎಂದರು. ಅದರಲ್ಲಿ ವ್ಯಂಗ್ಯ ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಆ ದಿನದ ಪಂದ್ಯವನ್ನು ನಾನು ದ್ವೇಷದಿಂದ ನೋಡಿದೆ. ತಂಡ ಸೋಲಲಿ ಎಂದು ಬಯಸಿದೆ. ನನ್ನ ವಾದ ಗೆಲ್ಲಬೇಕಾದರೆ ಮೊರಿತಾ ಸೋಲಬೇಕಿತ್ತು. ಏಳನೆಯ ಇನಿಂಗ್ಸಿನಲ್ಲಿ ನಾನು ಬಲೂನು ಊದಲಿಲ್ಲ, ಜೇಬಿಗೆ ಹಾಕಿಕೊಂಡೆ. ಎರಡು ರನ್ನಿನ ಮುನ್ನಡೆ ಇಟ್ಟುಕೊಂಡು ಒಂಬತ್ತನೆಯ ಇನಿಂಗ್ಸಿಗೆ ಬಂದೆವು. ಮೊರಿತಾ ಭೂಮಿ ನಡುಗಿಸುತ್ತ ಓಡಿ ಬಂದ. ಓಡುವಾಗ ಒಮ್ಮೆ ತಲೆಯೆತ್ತಿ ಬ್ಯಾನರಿನ ಕಡೆ ನೋಡಿದ. ಮೊದಲನೆಯವನು ನಡೆದ. ಎರಡನೆಯವನು ನಡೆದ. ಮೂರನೆಯವನೂ ನಡೆದ ಮೇಲೆ ಬೇಸುಗಳಲ್ಲಿ ಜಾಗವೇ ಉಳಿಯಲಿಲ್ಲ. ನಾಲ್ಕನೆಯವನಿಗೂ ನಡೆಯಲು ಬಿಟ್ಟದ್ದರಿಂದ ಮೊದಲು ಹೋದವನನ್ನು ಒಂದು ರನ್ ಕೊಟ್ಟು ಮನೆಗೆ ಬೀಳ್ಕೊಡಬೇಕಾಯಿತು. ಐದನೆಯವನು ಬ್ಯಾಟು ಬೀಸಿದ. ಚೆಂಡು ನಮ್ಮ ಇಬ್ಬರು ಫೀಲ್ಡರುಗಳ ನಡುವೆ ನುಗ್ಗಿ ಗೋಡೆಗೆ ಹೋಯಿತು. ಇನ್ನೆರಡು ರನ್. ನಾವು ನಿಯಮದಂತೆ ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದೆವು. ಎದುರಿನ ಡೋಲು ಮಾತ್ರ ಬಡಿಯುತ್ತಲೇ ಇತ್ತು. ಆಮೇಲೆ ನಮ್ಮವರು ಬ್ಯಾಟ್ ಹಿಡಿದರು, ಹತ್ತೋರಿ-ಸಾನ್ ಕೆನ್ನೆ ಉಬ್ಬಿಸಿ ಟ್ರಂಪೆಟ್ ಊದಿದರು, ಮೂವರೂ ಒಬ್ಬರ ಹಿಂದೊಬ್ಬರು ಔಟಾಗಿ ತಲೆ ತಗ್ಗಿಸಿ ಬಂದರು.

"ನೋಡಿದ್ರಾ?" ಎಂದೆ ಗೀತಕ್ಕನಿಗೆ.

"ನೋಡ್ದೆ. ನೀನು ನಗ್ತಿರೋದನ್ನೂ ನೋಡ್ದೆ."

ಪಂದ್ಯ ಮುಗಿದ ಮೇಲೆ ಗೆದ್ದರೂ ಸೋತರೂ ಆಟಗಾರರು ಅಭಿಮಾನಿಗಳ ಮುಂದೆ ಸಾಲಾಗಿ ನಿಂತು ಟೋಪಿ ತೆಗೆದು ಬಾಗುತ್ತಾರೆ. ಅವರೂ ಬಾಗುತ್ತಾರೆ, ನಾವೂ ಬಾಗುತ್ತೇವೆ, ಮನೆಗೆ ಹೋಗುತ್ತೇವೆ. ಇದೂ ಒಂದು ತಲೆಯಾಡಿಸುವ ಕೂಟ ಎಂದುಕೊಂಡು ನಾನು ಡಬ್ಬಿ ಚೀಲಕ್ಕೆ ಹಾಕುತ್ತಿದ್ದೆ. ಆಗ ಪಕ್ಕದಿಂದ ಒಂದು ದನಿ ಬಂತು. ದನಿ ಅಲ್ಲ, ಗರ್ಜನೆ.

"ಮೊರಿತಾ!"

ಪ್ರಿಂಟರಿಗೆ ಕ್ಷಮೆ ಕೇಳುವ ಹತ್ತೋರಿ-ಸಾನ್! ಕಂಬಿ ಹಿಡಿದು, ಕುತ್ತಿಗೆಯ ನರ ಉಬ್ಬಿಸಿಕೊಂಡು ನಿಂತಿದ್ದಾರೆ. ಸಾನ್ ಇಲ್ಲ, ಮರ್ಯಾದೆ ಇಲ್ಲ. "ಮೊರಿತಾ! ಅದೇನು ಪಿಚಿಂಗೋ ಭಿಕ್ಷೆ ಹಾಕೋದೋ? ನಡುವೆ ಎಸೆದರೆ ಸಾಯ್ತೀಯೇನೋ? ಹೊಡೆಸಿಕೊಂಡು ಸೋಲು, ಹೆದರಿಕೊಂಡು ಸೋಲಬೇಡ! ನನ್ನ ಹೆಂಡತಿ ಆ ಅಕ್ಷರ ಹೊಲಿಯುವಾಗ ಕೈ ಚುಚ್ಚಿಕೊಂಡಿದ್ದಾಳೆ, ನೆನಪಿಟ್ಟುಕೋ!"

ಡೋಲಿನ ಮುದುಕರು ಶುರುಮಾಡಿದರು. ಮಿಚಿಕೊ-ಸಾನ್ ಕೂಡ ಕೈಯನ್ನು ಬಾಯಿಗೆ ಕಹಳೆಯ ಹಾಗೆ ಹಿಡಿದು, ಅವನ ಕಾಲುಗಳ ಬಗ್ಗೆ ಏನೋ ಕೂಗಿದರು. ಗೀತಕ್ಕ ಅರ್ಥ ಕೇಳಿದಳು, ನಾನು ಹೇಳಲಿಲ್ಲ. ಮೊರಿತಾ ಟೋಪಿ ಎದೆಗೆ ಹಿಡಿದು, ಉಳಿದವರೆಲ್ಲ ಒಳಗೆ ಹೋದ ಮೇಲೂ ಅಲ್ಲೇ ನಿಂತಿದ್ದ. ತನ್ನ ಹೆಸರಿನ ಕೆಳಗೆ ನಿಂತು, ಎಲ್ಲರ ಬೈಗುಳ ಮುಗಿಯುವವರೆಗೂ ಕೇಳಿದ. ಕೊನೆಗೆ ಹತ್ತೋರಿ-ಸಾನ್ ಉಸಿರು ತೆಗೆದುಕೊಂಡು, ಅದೇ ಗಂಟಲಿನಲ್ಲಿ ಕೂಗಿದರು:

"ನಾಳೆ ಟೊಮೆಟೊ ಸಸಿ ನೆಡಬೇಕು! ಎರಡು ಚೀಲ ಮಣ್ಣು ತೆಗೆದಿಡು!"

"ಹಾಯ್!" ಎಂದ ಮೊರಿತಾ, ಅಂದರೆ ಆಗಲಿ ಎಂದು. ಸೊಂಟದವರೆಗೆ ಬಾಗಿ, ಓಡಿಹೋದ.

ನಾನು ಡಬ್ಬಿ ಕೈಯಲ್ಲಿ ಹಿಡಿದೇ ನಿಂತೆ. ನನ್ನ ಭಾಷಣದಲ್ಲಿ ಈ ಮಣ್ಣಿನ ಚೀಲ ಇರಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ಗಂಟೆ ಹೊಡೆದರೆ ಮುಗಿಯಿತು. ಸೋತವರ ಮುಖವನ್ನು ಮಾರನೆಯ ದಿನ ಯಾರೂ ನೋಡಬೇಕಾಗಿಲ್ಲ. ಈ ಜನ ನೋಡಬೇಕು. ಭಾನುವಾರ ಬೈಸಿಕೊಂಡವನ ಕೈಯಿಂದಲೇ ಸೋಮವಾರ ಮಣ್ಣು ತೆಗೆದುಕೊಳ್ಳಬೇಕು. ಬ್ಯಾನರ್ ತಲೆಕೆಳಗೆ ಕಟ್ಟಿದವರು ಅವನಿಗೆ ಬೈಯುವಂತಿಲ್ಲ. ಕೈಬಿಟ್ಟವನಿಗೆ ಬೈಯಲು ಏನು ಹಕ್ಕು? ನೆಟ್ಟಗೆ ಕಟ್ಟಿಯೇ ಇವರು ಬೈಯುವ ಹಕ್ಕನ್ನು ಉಳಿಸಿಕೊಂಡಿದ್ದರು. ಹಾಗೆಂದು ನಾನು ಸೋಲೊಪ್ಪಿದೆ ಎಂದುಕೊಳ್ಳಬೇಡಿ. ನಾನು ಹೇಳಿದ ಒಂದೊಂದು ಮಾತೂ ಆ ಒಂಬತ್ತನೆಯ ಇನಿಂಗ್ಸಿನಲ್ಲಿ ನಿಜವಾಗಿತ್ತು. ನಿಜವಾದ ಮೇಲೂ ಅದು ಯಾರಿಗೂ ಬೇಕಾಗಿರಲಿಲ್ಲ, ಅಷ್ಟೇ.

ಮುಂದಿನ ಭಾನುವಾರ ಮೊರಿತಾ ಮತ್ತೆ ಬಿಟ್ಟಿ ನಡಿಗೆ ಹಂಚಿದ. ಪಂದ್ಯ ಮುಗಿದು ಆಟಗಾರರು ಬಾಗಲು ಬಂದಾಗ ನಾನೂ ಕೊನೆಯ ಸಾಲಿನಿಂದ ಕಂಬಿಯವರೆಗೆ ಇಳಿದು ಬಂದೆ. ಜಪಾನಿ ಬಾಯಿಗೆ ಬರಲಿಲ್ಲ.

"ಕನ್ನಡದಲ್ಲೇ ಬಿಡು," ಎಂದಳು ಗೀತಕ್ಕ. "ಅವನಿಗೆ ಅರ್ಥ ಆಗೋ ಕಷ್ಟ ಇಲ್ಲ, ನಿಂಗೆ ಹುಡುಕೋ ಕಷ್ಟ ಇಲ್ಲ."

"ಲೋ ಮೊರಿತಾ!" ಎಂದೆ. "ಮಣ್ಣಿನ ಮೂಟೆ ಅಂದ್ಕೊಂಡು ಎಸಿಯೋ, ಮಂಕೇ!"

ಮೊರಿತಾ ದನಿ ಬಂದ ಕಡೆ ತಿರುಗಿ, ನನಗೂ ಸೊಂಟದವರೆಗೆ ಬಾಗಿದ.

ಆ ಮೇ ತಿಂಗಳಲ್ಲಿ ತಂಡ ಅವನನ್ನು ಕೈಬಿಡಲಿಲ್ಲ. ಆಮೇಲೆ ಅವನು ಸುಧಾರಿಸಿದ, ತಂಡ ಕಪ್ ಗೆದ್ದಿತು ಎಂದು ಹೇಳಿ ಈ ಬರಹಕ್ಕೆ ಸಕ್ಕರೆ ಬೆರೆಸಲು ನನಗೆ ಇಷ್ಟವಿಲ್ಲ. ಕೆಲವು ದಿನ ನಡುವೆ ಎಸೆದ, ಕೆಲವು ದಿನ ಆಕಾಶಕ್ಕೆ. ಮುಂದಿನ ವರ್ಷ ಭುಜ ನೋವೆಂದು ತಾನೇ ಬಿಟ್ಟ. ಈಗ ಅದೇ ಅಂಗಡಿಯಲ್ಲಿ ಗಿಡಗಳ ವಿಭಾಗ ನೋಡಿಕೊಳ್ಳುತ್ತಾನೆ. ಭಾನುವಾರ ನಮ್ಮ ಪಕ್ಕದಲ್ಲೇ ಕೂತು, ಈಗಿನ ಬುಲ್‌ಪೆನ್ನಿಗೆ ನಮ್ಮೆಲ್ಲರಿಗಿಂತ ಕೆಟ್ಟದಾಗಿ ಬೈಯುತ್ತಾನೆ. "ನಡುವೆ ಎಸಿಯೋ!" ಎಂದು ಅವನು ಕೂಗುವಾಗ ನನಗೆ ಮೈಯೆಲ್ಲ ಉರಿಯುತ್ತದೆ.

ಹತ್ತೋರಿ-ಸಾನ್ ನಿವೃತ್ತರಾಗಿದ್ದಾರೆ, ಮಂಡಿ ನೋವು, ಮೆಟ್ಟಿಲು ಇಳಿದು ಕಂಬಿಗೆ ಬ್ಯಾನರ್ ಕಟ್ಟಲಾಗುವುದಿಲ್ಲ. ಈ ವರ್ಷದಿಂದ ಆ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ಬಟ್ಟೆ ಅದೇ. ಮಿಚಿಕೊ-ಸಾನ್ ಮೊರಿತಾನ ಹೆಸರನ್ನು ಬಿಚ್ಚಿ ಅಲ್ಲಿ ಹೊಸ ಹುಡುಗನ ಹೆಸರು ಹೊಲಿದಿದ್ದಾರೆ. ಹತ್ತಿರದಿಂದ ನೋಡಿದರೆ ಹಳೆಯ ಸೂಜಿಯ ತೂತುಗಳು ಕಾಣುತ್ತವೆ. ಹೊಸ ಕಾವಲು ದೇವರ ವಿಷಯ ಕೇಳಬೇಡಿ. ಏಪ್ರಿಲ್ ಇನ್ನೂ ಅರ್ಧವಾಗಿಲ್ಲ, ಆಗಲೇ ಎದುರಾಳಿಗಳು ವಾಯುವಿಹಾರ ಶುರುಮಾಡಿದ್ದಾರೆ.

ನಿನ್ನೆ ಅದೇ ಕಾಫಿ ಅಂಗಡಿಯಲ್ಲಿ ಸಭೆಯಿತ್ತು. ಬೆಂಗಳೂರಿನಿಂದ ಆಫೀಸಿನ ನಮ್ಮ ಗುಂಪಿಗೆ ಹೊಸದಾಗಿ ಬಂದಿರುವ ಪ್ರಣವ್ ಎಂಬ ಹುಡುಗನನ್ನೂ ಕರೆದುಕೊಂಡು ಹೋಗಿದ್ದೆ. ಅವನು ಲ್ಯಾಪ್‌ಟಾಪ್ ತೆರೆದು ಗ್ರಾಫುಗಳನ್ನು ತೋರಿಸಿ, ಬ್ಯಾನರನ್ನು ಯಾಕೆ ತಲೆಕೆಳಗೆ ಕಟ್ಟಬೇಕು ಎಂದು ಬಹಳ ಸೊಗಸಾಗಿ ವಾದಿಸಿದ. ಒಂದೆರಡು ಕಡೆ ಬಿರುಕಿತ್ತು. ನನ್ನ ಬೆರಳು ತುರಿಸಿತು. ಸುಮ್ಮನಿದ್ದೆ. ಹೋದ ವಾರವೇ ನಾನು ಒಬ್ಬೊಬ್ಬರಿಗೂ ಫೋನ್ ಮಾಡಿ ಮುಗಿಸಿದ್ದೆ. ಅವನು ಕೂತ ಮೇಲೆ ಎಲ್ಲರೂ ನನ್ನ ಕಡೆ ನೋಡಿದರು. "ಹೌದಲ್ಲ," ಎಂದೆ, ಗಂಭೀರವಾಗಿ. ನನ್ನ ಮೊಟ್ಟೆಯನ್ನು ಅವನ ತಟ್ಟೆಗೆ ಹಾಕಿದೆ.

ಬಲೂನನ್ನು ಕಸದ ಬುಟ್ಟಿಗೆ ಹಾಕೋಣವೆಂದು ಹೋದವಳು ಮತ್ತೆ ಜೇಬಿಗೇ ಹಾಕಿಕೊಂಡಿದ್ದೇನೆ. ಇದನ್ನು ಇನ್ನು ಊದಲಾಗದು, ಹರಿದು ಹೋಗುತ್ತದೆ; ಇರಲಿ. ಬ್ಯಾನರಿನ ಚೀಲ ಬಾಗಿಲ ಬಳಿ ಕೂತಿದೆ. ಇವತ್ತು ಗಾಳಿ ಜೋರಾಗಿದೆ, ದಪ್ಪ ಹಗ್ಗ ತಾ ಎಂದು ಮೊರಿತಾ ಮೆಸೇಜು ಮಾಡಿದ್ದಾನೆ. ಈಗ ಪ್ರಣವನ ಫೋನ್ ಬಂತು.

"ಅಕ್ಕ, ಬ್ಯಾನರ್ ಉಲ್ಟಾ ಕಟ್ಟೋಕೆ ನಾನೂ ಬರ್ಲಾ? ಫೋಟೋ ತೆಗೀಬೇಕು."

"ಬಾರೋ," ಎಂದೆ. "ಇನ್ನೊಂದು ತುದಿ ಹಿಡ್ಕೊಳ್ಳೋಕೆ ಒಬ್ರು ಬೇಕು."

ಯಾವ ಕಡೆ ಮೇಲೆ ಬರುತ್ತದೆ ಎಂಬುದನ್ನು ಅಲ್ಲಿಗೆ ಬಂದ ಮೇಲೆ ನೋಡುತ್ತಾನೆ. ಸಿಟ್ಟು ಬರಲಿ, ಚೆನ್ನಾಗಿಯೇ ಬರಲಿ. ಒಂಬತ್ತನೆಯ ಇನಿಂಗ್ಸಿಗೆ ಬೇಕಾಗುತ್ತದೆ.